ಊರಿನ ಸೌಹಾರ್ದ ಸಂವಾದ: ಹಾಸನ, ಚಿಕ್ಕಮಗಳೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೇರೆ ಬೇರೆ ಧರ್ಮ, ಜಾತಿಯವರನ್ನು ಒಂದೇ ಕಡೆ ಕೂರಿಸಿ ಊರಿನ ಮಾತು ಆಡಿಸಬೇಕು ಎಂದುಕೊಂಡವರಿಗಾಗಿ ಈ ಪುಟ. ಬಯಲುಸೀಮೆಯ ಅರಸೀಕೆರೆಗೂ ಮಲೆನಾಡಿನ ಶೃಂಗೇರಿಗೂ ಒಂದೇ ಲೆಕ್ಕ ಹೊಂದುವುದಿಲ್ಲ. ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಲ್ಲೇ ಹೇಳಿದ್ದೇವೆ.

ಸರ್ವಧರ್ಮ ಸಮ್ಮೇಳನ ಮಾಡಿದರೆ ಸಾಲದೇ?

ಸಾಲದು. ಸಮ್ಮೇಳನದಲ್ಲಿ ಒಬ್ಬರು ಸ್ವಾಮೀಜಿ, ಒಬ್ಬರು ಮೌಲಾನಾ, ಒಬ್ಬರು ಫಾದರ್ ವೇದಿಕೆ ಏರುತ್ತಾರೆ, ದೀಪ ಹಚ್ಚುತ್ತಾರೆ, ಎಲ್ಲ ಧರ್ಮಗಳ ಸಾರ ಒಂದೇ ಎನ್ನುತ್ತಾರೆ. ಶಾಲು, ಹಾರ, ಫೋಟೊ ಮುಗಿಯುವ ಹೊತ್ತಿಗೆ ಊಟದ ಹೊತ್ತು. ಕೆಳಗೆ ಕೂತವರು ಪಕ್ಕದವರ ಹೆಸರನ್ನೂ ಕೇಳಿರುವುದಿಲ್ಲ. ಮಾತಾಡಬೇಕಾದದ್ದು ಆ ಕೆಳಗೆ ಕೂತವರೇ. ಅವರ ನಡುವೆ ಮಾತು ಹುಟ್ಟಿ, ಕೊನೆಗೆ ಊರಿನ ಒಂದು ಕೆಲಸ ಒಪ್ಪಂದಕ್ಕೆ ಬಂದರೆ ಅದು ಸಂವಾದ. ಕೊಳಾಯಿ, ಸ್ಮಶಾನದ ದಾರಿ, ಮೆರವಣಿಗೆಯ ಹೊತ್ತು, ಹೋಟೆಲಿನ ಲೋಟ, ಹೀಗೆ ಕೈಗೆ ಸಿಗುವಂಥ ವಿಷಯ ಬೇಕು.

ನಮ್ಮ ಕಡೆ ಇಂಥದ್ದು ಹಿಂದೆ ನಡೆದದ್ದುಂಟೇ?

ಉಂಟು, ಕಲ್ಲಿನ ಮೇಲೇ ಬರೆದಿದೆ. ಶ್ರವಣಬೆಳಗೊಳದ ಭಂಡಾರ ಬಸದಿಯಲ್ಲಿ 1368ರ ಒಂದು ಶಾಸನವಿದೆ. ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆ ಎಂದು ಜೈನರು ವಿಜಯನಗರದ ಅರಸ ಬುಕ್ಕರಾಯನಲ್ಲಿ ದೂರು ಕೊಟ್ಟರು. ರಾಜ ಜೈನರ ಕೈ ಹಿಡಿದು ಶ್ರೀವೈಷ್ಣವರ ಕೈಯಲ್ಲಿ ಇಟ್ಟ, ಎರಡು ದರ್ಶನಗಳಿಗೆ, ಅಂದರೆ ಮತಗಳಿಗೆ, ಭೇದವಿಲ್ಲ ಎಂದ. ಸಭೆ ನಡೆಸುವವರು ಓದಬೇಕಾದ ಭಾಗ ಅದರ ಮುಂದೆ ಇದೆ. ಜೈನರಿಗೆ ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಮೊದಲಿನಂತೆಯೇ ಇರಬೇಕು. ಜೈನರ ಪ್ರತಿ ಮನೆಯಿಂದ ವರ್ಷಕ್ಕೆ ಒಂದು ಹಣ (ಆಗಿನ ನಾಣ್ಯ) ಎತ್ತಬೇಕು. ಆ ಹಣದಲ್ಲಿ ಬೆಳಗೊಳದ ದೇವರ ಕಾವಲಿಗೆ 20 ಜನರನ್ನು ಶ್ರೀವೈಷ್ಣವರ ಕಡೆಯ ತಿರುಮಲೆಯ ತಾತಯ್ಯ ನೇಮಿಸಬೇಕು. ಉಳಿದದ್ದರಲ್ಲಿ ಹಾಳಾದ ಬಸದಿಗಳಿಗೆ ಸುಣ್ಣ ಬಳಿಸಬೇಕು. ತಪ್ಪಿದವನು ರಾಜದ್ರೋಹಿ, ಸಂಘ ಸಮುದಾಯಗಳಿಗೂ ದ್ರೋಹಿ.

ವಾದ್ಯ ಯಾರದು, ದುಡ್ಡು ಎಷ್ಟು, ಎತ್ತುವವರು ಯಾರು, ಉಳಿದದ್ದು ಎಲ್ಲಿಗೆ, ತಪ್ಪಿದರೆ ಏನು, ಒಂದೂ ಬಿಟ್ಟುಹೋಗಿಲ್ಲ. ವೈಷ್ಣವರ ಕಡೆಯವರೇ ಜೈನ ದೇವರಿಗೆ ಕಾವಲು ಕೊಡಬೇಕಾದ ಏರ್ಪಾಡು ಅದು. ನಿಮ್ಮ ಸಭೆಯ ಕಾಗದವೂ ಹೀಗೇ ಇರಲಿ.

ಬೇಲೂರು ಚೆನ್ನಕೇಶವನ ರಥೋತ್ಸವದಲ್ಲಿ ಖಾಜಿಯವರು ಕುರಾನ್ ಸಾಲು ಓದಿ ವಂದಿಸುವ ಪದ್ಧತಿ ಹಳೆಯದು. ಈಚಿನ ವರ್ಷಗಳಲ್ಲಿ ಅದಕ್ಕೆ ಆಕ್ಷೇಪವೂ ಎದ್ದಿದೆ. ಹಳೆಯ ಪದ್ಧತಿಯೂ ತಾನಾಗಿ ಉಳಿಯುವುದಿಲ್ಲ, ಅದನ್ನು ಉಳಿಸಲು ಎರಡೂ ಕಡೆಯವರು ಮಾತಾಡುತ್ತಲೇ ಇರಬೇಕು.

ಎಷ್ಟು ಜನ, ಯಾರು ಯಾರು?

30ರಿಂದ 40. ನೂರು ದಾಟಿದರೆ ಮೈಕ್ ಬೇಕು, ಮೈಕ್ ಬಂದರೆ ಭಾಷಣ ಶುರುವಾಗುತ್ತದೆ. 8 ಜನರ ಗುಂಪು ಐದು, ಅದಕ್ಕಿಂತ ಹೆಚ್ಚು ಬೇಡ.

ಪ್ರತಿ ಗುಂಪಿನಲ್ಲೂ ಒಂದು ಸಮುದಾಯದಿಂದ ಕಡೇಪಕ್ಷ ಇಬ್ಬರಿರಲಿ. ಒಬ್ಬರೇ ಇದ್ದರೆ ಇಡೀ ಧರ್ಮದ ಪರವಾಗಿ ಉತ್ತರ ಹೇಳುವ ಹೊರೆ ಅವರ ತಲೆ ಮೇಲೆ ಬೀಳುತ್ತದೆ, ಎರಡನೇ ಸಲ ಅವರು ಬರುವುದಿಲ್ಲ. ಸಭೆಯ ಅರ್ಧದಷ್ಟು ಹೆಂಗಸರಿರಲಿ. ಹಾಗಾಗಬೇಕಾದರೆ ಮನೆಯ ಯಜಮಾನರಿಗೆ ಆಹ್ವಾನ ಪತ್ರಿಕೆ ಕೊಟ್ಟು ಬಂದರೆ ಆಗದು. ಸ್ತ್ರೀಶಕ್ತಿ ಸಂಘದ ವಾರದ ಸಭೆಗೆ ಹೋಗಿ ಹೆಂಗಸರನ್ನೇ ಕರೆಯಿರಿ. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರಮ್ಮ, ಹಾಲಿನ ಡೈರಿಯ ಕಾರ್ಯದರ್ಶಿ, ಆಟೊ ಸ್ಟ್ಯಾಂಡಿನವರು ಎಲ್ಲ ಕೇರಿಗೂ ಹೋಗಿ ಬರುವವರು. ಮುಖಂಡರಿಗಿಂತ ಮೊದಲು ಇವರನ್ನು ಕರೆಯಿರಿ.

ಮಲೆನಾಡಿನ ಕಡೆ ಭಾಷೆಯನ್ನೂ ಎಣಿಸಿ. ಮೂಡಿಗೆರೆಯಲ್ಲಿ ಬ್ಯಾರಿ, ತುಳು, ಕೊಂಕಣಿ ಮನೆಮಾತಿನವರು ಸಿಗುತ್ತಾರೆ, ನರಸಿಂಹರಾಜಪುರದಲ್ಲಿ ಮಲಯಾಳಂ ಮಾತಿನ ಕ್ರೈಸ್ತರಿದ್ದಾರೆ. ಕಾಫಿ ತೋಟದ ಲೈನ್ ಮನೆಗಳಲ್ಲಿ (ಕಾರ್ಮಿಕರ ಸಾಲುಮನೆಗಳಲ್ಲಿ) ತಮಿಳರ ಜೊತೆಗೆ ಈಗ ಅಸ್ಸಾಂ, ಜಾರ್ಖಂಡ್ ಕಡೆಯ ಕುಟುಂಬಗಳೂ ಇವೆ. ತೋಟದ ಕಾರ್ಮಿಕರನ್ನು ಕರೆಯುವಾಗ ರೈಟರ (ತೋಟದ ಮೇಲ್ವಿಚಾರಕರ) ಮೂಲಕ ಹೇಳಿ ಕಳಿಸಿದರೆ ಅದು ಆಜ್ಞೆಯಾಗುತ್ತದೆ. ನೀವೇ ಸಂಜೆ ಲೈನಿಗೆ ಹೋಗಿ ಕರೆಯಿರಿ. ಹಿಂದಿ ಬಲ್ಲ ಒಬ್ಬರನ್ನು ಅವರ ಪಕ್ಕದಲ್ಲೇ ಕೂರಿಸಿ.

ಯಾವ ತಿಂಗಳು, ಯಾವ ಹೊತ್ತು ಒಳ್ಳೆಯದು?

ಫೆಬ್ರವರಿ ಮೊದಲ ವಾರವನ್ನು ಸರ್ವಧರ್ಮ ಸೌಹಾರ್ದ ಸಪ್ತಾಹವೆಂದು ವಿಶ್ವಸಂಸ್ಥೆ 2010ರಲ್ಲಿ ಗೊತ್ತುಮಾಡಿತು. ಪಟ್ಟಣದಲ್ಲಿ ಆ ವಾರ ನಡೆಸಬಹುದು. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಬೇಡ. ನವೆಂಬರಿನಿಂದ ಅರೇಬಿಕಾ ಕೊಯ್ಲು, ಅದು ಮುಗಿಯುವಷ್ಟರಲ್ಲಿ ರೊಬಸ್ಟಾ, ಮಾರ್ಚಿನವರೆಗೆ ತೋಟದವರಿಗೆ ಪುರುಸೊತ್ತಿಲ್ಲ. ಕೂಲಿ ಬಿಟ್ಟು ಬನ್ನಿ ಎಂದು ಕರೆದ ಸಭೆಗೆ ತೋಟದ ಮಾಲೀಕರು ಬಂದಾರು, ಆಳುಗಳು ಬರಲಾರರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಕರೆಂಟೂ ನೆಚ್ಚಿಕೊಳ್ಳುವಂತಿಲ್ಲ. ಹಾಗಾಗಿ ಮಲೆನಾಡಿಗೆ ಏಪ್ರಿಲ್, ಮೇ ಹೊಂದುತ್ತದೆ. ಮದುವೆ ಕಾಲವಾದ್ದರಿಂದ ಛತ್ರ ಸಿಗುವುದಿಲ್ಲ. ಆದರೆ ಬೇಸಿಗೆ ರಜೆಯಿಂದ ಶಾಲೆ ಖಾಲಿ ಇರುತ್ತದೆ, ಮುಖ್ಯ ಶಿಕ್ಷಕರು ಮತ್ತು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಅನುಮತಿ ಪತ್ರ ತೆಗೆದುಕೊಳ್ಳಿ.

ಹಾಸನ ಪಟ್ಟಣದಲ್ಲಿ ಹಾಸನಾಂಬ ದೇವಸ್ಥಾನದ ಬಾಗಿಲು ತೆರೆದಿರುವ ದಿನಗಳನ್ನು ಬಿಟ್ಟುಬಿಡಿ. ದೀಪಾವಳಿ ಸುತ್ತಮುತ್ತಲ ಆ ದಿನಗಳಲ್ಲಿ ಪೊಲೀಸರಿಗೂ ಬಸ್ಸಿಗೂ ಬಿಡುವಿರುವುದಿಲ್ಲ.

ಶುಕ್ರವಾರ ಮಧ್ಯಾಹ್ನ ಜುಮ್ಮಾ ನಮಾಜು, ಭಾನುವಾರ ಬೆಳಿಗ್ಗೆ ಚರ್ಚಿನಲ್ಲಿ ಪೂಜೆ. ಭಾನುವಾರ 11ರಿಂದ 1.30, ಆಮೇಲೆ ಊಟ, ಇದು ಹೆಚ್ಚಿನ ಕಡೆ ಎಲ್ಲರಿಗೂ ಆಗುತ್ತದೆ. ಊಟಕ್ಕೆ ಮುಂಚೆ 15 ನಿಮಿಷ ಬಿಡುವು ಕೊಟ್ಟು, ಒಂದು ಕೋಣೆ ಗುಡಿಸಿ ಚಾಪೆ ಹಾಸಿಡಿ. ಮಧ್ಯಾಹ್ನದ ನಮಾಜು ಮಾಡುವವರು ಮಾಡಿ ಬರುತ್ತಾರೆ. ಕೈಕಾಲು ತೊಳೆಯಲು ನಲ್ಲಿ ಹತ್ತಿರವಿದೆಯೇ ನೋಡಿ. ರಂಜಾನ್ ತಿಂಗಳಲ್ಲಿ ಊಟದ ಸಭೆ ಇಡಬೇಡಿ. ಕಡೆಯ ಬಸ್ಸು ಸಂಜೆ ಐದಕ್ಕೇ ಹೊರಡುವ ಊರುಗಳಿವೆ, ಎಲ್ಲ ಮುಗಿದು ಮೂರೂವರೆಗೆ ಜನ ಹೊರಟಿರಬೇಕು.

ಎಲ್ಲಿ ಸೇರುವುದು?

ಯಾರ ದೇವರ ಅಂಗಳದಲ್ಲೂ ಬೇಡ, ಮೊದಲ ಸಲವಂತೂ ಬೇಡ. ದೇವಸ್ಥಾನದ ಸಮುದಾಯ ಭವನ ಬಿಟ್ಟಿಯಾಗಿ ಸಿಗುತ್ತದೆ ನಿಜ. ಒಳಗೆ ಕಾಲಿಡಲು ತಲೆಮಾರುಗಳಿಂದ ಅಂಜಿದವರು ಆ ಊರಿನಲ್ಲಿದ್ದರೆ ಅವರು ಬಂದರೂ ಬಾಗಿಲ ಬಳಿಯೇ ನಿಲ್ಲುತ್ತಾರೆ. ಶಾಲೆ, ಪಂಚಾಯಿತಿ ಸಭಾಂಗಣ, ಅಂಬೇಡ್ಕರ್ ಭವನ ಸರಿ. ಅಂಬೇಡ್ಕರ್ ಭವನಕ್ಕೆ ಬರಲು ಹಿಂದೆಮುಂದೆ ನೋಡುವವರು ಇದ್ದರೆ, ಅದೇ ನಿಮ್ಮ ಮೊದಲ ಮಾತಿನ ವಿಷಯ. ಜಿಲ್ಲಾ ಕೇಂದ್ರದ ಹಾಸನಾಂಬ ಕಲಾಕ್ಷೇತ್ರ, ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರದಂಥ ದೊಡ್ಡ ಸಭಾಂಗಣ ನಾಟಕಕ್ಕೆ, ಸಂಗೀತಕ್ಕೆ ಚೆನ್ನ, 40 ಜನರ ಮಾತಿಗಲ್ಲ.

ಬಾಬಾಬುಡನ್‌ಗಿರಿಯಲ್ಲೇ ಇಡೋಣ ಎಂದು ಕೇಳುವವರು ಬಹಳ. ದಯವಿಟ್ಟು ಬೇಡ. ಆ ಪೀಠದ ವಿಷಯ ವರ್ಷಗಳಿಂದ ಕೋರ್ಟು ಕಚೇರಿ ಸುತ್ತಿದೆ, ದತ್ತ ಜಯಂತಿಯ ದಿನಗಳಲ್ಲಿ ಅಲ್ಲಿ ಪೊಲೀಸ್ ಬಂದೋಬಸ್ತ್ ಇರುತ್ತದೆ. ಇತ್ಯರ್ಥ ಮಾಡುವ ಅಧಿಕಾರ ಊರಿನ ಸಭೆಗಿಲ್ಲ, ನಿಮ್ಮ ಕೊಳಾಯಿಯ ಮಾತು ಆ ಗಲಾಟೆಯಲ್ಲಿ ಮುಚ್ಚಿಹೋಗುತ್ತದೆ.

ಯಾವ ಅನುಮತಿ ಬೇಕು?

ಶಾಲೆಯ ಕೋಣೆಯಲ್ಲೋ ಪಂಚಾಯಿತಿಯಲ್ಲೋ 40 ಜನ ಮೈಕಿಲ್ಲದೆ ಕೂರುವುದಾದರೆ ಆ ಜಾಗದವರ ಪತ್ರ ಮತ್ತು ಠಾಣೆಗೆ ಒಂದು ಮಾಹಿತಿ ಪತ್ರ. ಹತ್ತು ದಿನ ಮೊದಲೇ ಎರಡು ಪ್ರತಿ ಒಯ್ದು, ಒಂದರ ಮೇಲೆ ಮೊಹರು, ತಾರೀಖು ಹಾಕಿಸಿಕೊಂಡು ಬನ್ನಿ. ಆ ಮೊಹರಿಲ್ಲದ ಪ್ರತಿಗೆ ಬೆಲೆಯಿಲ್ಲ.

ಮೈಕ್ ಹಾಕುವುದಾದರೆ ಲಿಖಿತ ಅನುಮತಿ ಕಡ್ಡಾಯ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್ ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಚುನಾವಣೆ ನೀತಿಸಂಹಿತೆ ಇದ್ದರೆ ಚುನಾವಣಾಧಿಕಾರಿಗಳ ಕಚೇರಿಯಲ್ಲಿ ಮೊದಲು ಕೇಳಿ. ನಿಷೇಧಾಜ್ಞೆ ಜಾರಿಯಲ್ಲಿದ್ದರೆ ಸಭೆ ಮುಂದಕ್ಕೆ ಹಾಕಿ. ಇದನ್ನು ಜನ ಈಗಲೂ 144 ಎನ್ನುತ್ತಾರೆ. 2024ರ ಜುಲೈ 1ರಿಂದ ಅದು ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ.

ಎರಡೂವರೆ ಗಂಟೆ ಹೇಗೆ ಕಳೆಯುವುದು?

ಮೊದಲ 10 ನಿಮಿಷ ಸಂವಿಧಾನದ ಪೀಠಿಕೆ ಓದಿ. ಸರ್ವಧರ್ಮ ಪ್ರಾರ್ಥನೆ ಇಡಬಹುದೇ ಎಂದು ಕೇಳುತ್ತಾರೆ. ಇಟ್ಟರೆ ಯಾರದು ಮೊದಲು, ಯಾರದು ಬಿಟ್ಟುಹೋಯಿತು ಎಂಬಲ್ಲಿಂದಲೇ ಮನಸ್ತಾಪ ಶುರು. ದೀಪ ಹಚ್ಚುವುದು ಕೆಲವರಿಗೆ ಪೂಜೆಯಂತೆ ಕಾಣುತ್ತದೆ. ಪೀಠಿಕೆ ಎಲ್ಲರದೂ. ಒಂದೊಂದು ಸಾಲನ್ನು ಒಬ್ಬೊಬ್ಬರು ಓದಲಿ, ಓದು ಬಾರದವರಿಗೆ ಪಕ್ಕದವರು ಹೇಳಿಕೊಡಲಿ.

ಆಮೇಲೆ 20 ನಿಮಿಷ ಇಬ್ಬಿಬ್ಬರ ಮಾತು. ಪ್ರಶ್ನೆ ಒಂದೇ: "ನಿಮ್ಮ ಮನೆಯಲ್ಲಿ ಹಬ್ಬದ ದಿನ ಬೆಳಿಗ್ಗೆ ಎದ್ದ ಕೂಡಲೇ ಏನು ಮಾಡುತ್ತೀರಿ?" ಧರ್ಮ ಅಂದರೆ ಏನು ಎಂದು ಕೇಳಿದರೆ ಜನ ಕಂಠಪಾಠ ಒಪ್ಪಿಸುತ್ತಾರೆ. ಹಬ್ಬದ ಬೆಳಿಗ್ಗೆ ಕೇಳಿದರೆ ಅಂಗಳ ಸಾರಿಸುವುದು, ಹೊಸ ಬಟ್ಟೆಗೆ ಸಾಲ ಮಾಡಿದ್ದು, ತೀರಿಹೋದ ಅಮ್ಮನ ಕೈರುಚಿ ಬರುತ್ತವೆ.

ಮುಂದಿನ 40 ನಿಮಿಷ ಎಂಟು ಜನರ ಗುಂಪಿನಲ್ಲಿ ಎರಡನೇ ಪ್ರಶ್ನೆ: "ಈ ಊರಿನಲ್ಲಿ ನಿಮಗೆ ಹೋಗಲು ಹಿಂಜರಿಕೆಯಾಗುವ ಜಾಗ ಯಾವುದು?" ಇಡೀ ಸಭೆಯ ಜೀವ ಈ ಪ್ರಶ್ನೆಯಲ್ಲಿದೆ. ಒಬ್ಬರಿಗೆ ಮೂರು ನಿಮಿಷ, ನಡುವೆ ಯಾರೂ ಬಾಯಿ ಹಾಕುವಂತಿಲ್ಲ, ಉತ್ತರವನ್ನೂ ಕೊಡುವಂತಿಲ್ಲ. ಗಡಿಯಾರ ನೋಡಲು ಒಬ್ಬರನ್ನು ನೇಮಿಸಿ. "ಅಯ್ಯೋ, ನಮ್ಮೂರಲ್ಲಿ ಹಾಗೆಲ್ಲ ಇಲ್ಲಪ್ಪ" ಎಂದು ಯಾರಾದರೂ ಅಂದೇ ಅನ್ನುತ್ತಾರೆ. ಗುಂಪು ನಡೆಸುವವರು ಆಗ ಮೆತ್ತಗೆ, "ಅವರು ಹೇಳಿ ಮುಗಿಸಲಿ, ಆಮೇಲೆ ನಿಮ್ಮ ಸರದಿ" ಎನ್ನಬೇಕು. ಅಷ್ಟು ಹೇಳದೆ ಬಿಟ್ಟರೆ ಮಾತಾಡುತ್ತಿದ್ದವರು ಅಲ್ಲಿಗೇ ಬಾಯಿ ಮುಚ್ಚುತ್ತಾರೆ.

ಹತ್ತು ನಿಮಿಷ ಕಾಫಿ. ಉಳಿದ ಹೊತ್ತು ಎಲ್ಲರೂ ಒಟ್ಟಿಗೆ ಕೂತು, ಬಂದ ವಿಷಯಗಳಲ್ಲಿ ಮೂರು ತಿಂಗಳೊಳಗೆ ಆಗಬಹುದಾದ ಒಂದನ್ನು ಆರಿಸಿ. ಎರಡು ಬೇಡ. ಕೆಲಸ, ಹೊಣೆ ಹೊತ್ತ ಮೂವರ ಹೆಸರು, ಖರ್ಚು, ತಾರೀಖು, ಆಗದಿದ್ದರೆ ಯಾರ ಬಳಿ ಹೋಗುವುದು, ಈ ಐದನ್ನು ಒಂದು ಹಾಳೆಯಲ್ಲಿ ಬರೆದು ಗಟ್ಟಿಯಾಗಿ ಓದಿ. ಒಪ್ಪದವರು ಸಹಿ ಹಾಕದೆ ಇರಬಹುದು, ಒತ್ತಾಯ ಬೇಡ.

ಧರ್ಮಗಳ ನಡುವಿನ ಮಾತಿನಲ್ಲಿ ಜಾತಿ ವಿಷಯ ಯಾಕೆ ತರುತ್ತೀರಿ?

ತರದಿದ್ದರೆ ಸಭೆ ಸುಳ್ಳಾಗುತ್ತದೆ. ಮೇಲ್ಜಾತಿಯ ಹಿಂದೂ, ಅನುಕೂಲಸ್ಥ ಮುಸ್ಲಿಂ, ಎಸ್ಟೇಟಿನ ಕ್ರೈಸ್ತ ಮೂವರೂ ಒಂದೇ ಮೇಜಿನಲ್ಲಿ ಕಾಫಿ ಕುಡಿಯುವುದು ನಮ್ಮ ಕಡೆ ದೊಡ್ಡ ಮಾತಲ್ಲ. ಆ ಕಾಫಿ ಲೋಟ ತೊಳೆಯುವವರು ಆ ಮೇಜಿಗೆ ಬಂದು ಕೂರುವುದು ದೊಡ್ಡ ಮಾತು. ದಲಿತರ ಕೇರಿಗೆ ಸ್ಮಶಾನವಿಲ್ಲದೆ, ಇದ್ದರೂ ದಾರಿಯಿಲ್ಲದೆ ಹೆಣ ಹೊತ್ತು ಗದ್ದೆ ಬದುವಿನ ಮೇಲೆ ನಡೆಯಬೇಕಾದ ಊರಿನಲ್ಲಿ ಸೌಹಾರ್ದ ಎಂಬ ಮಾತು ಅವರ ಕಿವಿಗೆ ಹೇಗೆ ಕೇಳಿಸೀತು? ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿದೆ. 1989ರ ದೌರ್ಜನ್ಯ ತಡೆ ಕಾಯ್ದೆಯಡಿ ನೀರಿನ ಜಾಗ, ದೇವಸ್ಥಾನ, ಹೋಟೆಲಿಗೆ ಪರಿಶಿಷ್ಟರನ್ನು ಬಿಡದಿರುವುದೂ ಸಾಮಾಜಿಕ ಬಹಿಷ್ಕಾರ ಹಾಕುವುದೂ ಅಪರಾಧ.

ಸಭೆಯಲ್ಲಿ ಇಂಥ ವಿಷಯ ಹೊರಬಂದರೆ "ರಾಜಿ ಮಾಡಿಸೋಣ" ಎನ್ನಬೇಡಿ. ಮನಸ್ತಾಪಕ್ಕೆ ರಾಜಿ ಉಂಟು, ಅಪರಾಧಕ್ಕೆ ಇಲ್ಲ. ದೂರು ಕೊಡುವುದೂ ಬಿಡುವುದೂ ನೊಂದವರ ಇಷ್ಟ. ದೂರು ಕೊಡುವುದಾದರೆ ಜೊತೆಗೆ ಹೋಗುವವರು ಬೇರೆ ಸಮುದಾಯದವರಾಗಿರಲಿ, ಅದರಿಂದ ಬರುವ ಧೈರ್ಯ ಬಹಳ. ಸಹಾಯವಾಣಿ 14566. ಉಚಿತ ವಕೀಲರಿಗೆ ಜಿಲ್ಲಾ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಪ್ರಾಧಿಕಾರ, ಫೋನ್ 15100. ಪರಿಶಿಷ್ಟರಿಗೂ ಹೆಂಗಸರಿಗೂ ಆದಾಯ ಎಷ್ಟಿದ್ದರೂ ಈ ನೆರವು ಸಿಗುತ್ತದೆ. ಸ್ಮಶಾನದ ಜಾಗಕ್ಕೆ ತಹಸೀಲ್ದಾರರಿಗೆ ಅರ್ಜಿ, ಪ್ರತಿ ಪಂಚಾಯಿತಿಗೆ. ಅರ್ಜಿಗೆ ಎಲ್ಲ ಕೇರಿಯವರ ಸಹಿ ಇರಲಿ.

ಊಟ, ಕಾಫಿಯಲ್ಲಿ ಏನು ನೋಡಿಕೊಳ್ಳಬೇಕು?

ಸಭೆ ಕೆಡುವುದೂ ಕೂಡುವುದೂ ಇಲ್ಲೇ. ಶುದ್ಧ ಸಸ್ಯಾಹಾರ ಇಟ್ಟರೆ ಹಲಾಲ್ ಪ್ರಶ್ನೆ ಬರುವುದಿಲ್ಲ. ಜೈನರು ಬರುವುದಾದರೆ ಈರುಳ್ಳಿ, ಬೆಳ್ಳುಳ್ಳಿ, ನೆಲದೊಳಗೆ ಬೆಳೆಯುವ ಗೆಡ್ಡೆ ಬೇಡ. ಹಾಸನದ ಕಡೆ ಅಡುಗೆಯವರ ಕೈ ಅಭ್ಯಾಸಬಲದಿಂದ ಆಲೂಗಡ್ಡೆಗೇ ಹೋಗುತ್ತದೆ, ಮೊದಲೇ ಬಿಡಿಸಿ ಹೇಳಿ. ಹುರುಳಿಕಾಯಿ ಪಲ್ಯ, ಹೆಸರುಬೇಳೆ ಕೋಸಂಬರಿ, ಅನ್ನ, ತೊವ್ವೆ, ಮಜ್ಜಿಗೆ ಸಾಕು. 40 ಜನಕ್ಕೆ ಅಕ್ಕಿ 5 ಕೆಜಿ, ತೊಗರಿಬೇಳೆ ಒಂದೂಕಾಲು ಕೆಜಿ. ಕಾಫಿಗೆ ಹಾಲು 3 ಲೀಟರು, ಪುಡಿ 350 ಗ್ರಾಂ. ಡಿಕಾಕ್ಷನ್ ಬೆಳಿಗ್ಗೆಯೇ ಇಳಿಸಿಡಿ.

ಅಡುಗೆ ಯಾರದು ಎಂಬುದು ಪದಾರ್ಥಕ್ಕಿಂತ ಮುಖ್ಯ. ಎಲ್ಲ ಕೇರಿಯಿಂದಲೂ ಒಬ್ಬೊಬ್ಬರು ಸೇರಿ ಅಡುಗೆ ಮಾಡಲಿ, ಬಡಿಸುವುದೂ ಹಾಗೆಯೇ. ಇದನ್ನು ಆಹ್ವಾನಿಸುವಾಗಲೇ ಎಲ್ಲರಿಗೂ ಹೇಳಿ. ಗುಟ್ಟಾಗಿಟ್ಟು ಊಟದ ನಂತರ ತಿಳಿಸಿದರೆ ಅದು ಮೋಸ, ಮರುದಿನ ಅಡುಗೆ ಮಾಡಿದವರ ಮೇಲೆಯೇ ಸಿಟ್ಟು ತಿರುಗುತ್ತದೆ. "ನಂಗೆ ಇವತ್ತು ಉಪವಾಸ" ಎಂದು ಎದ್ದು ಹೋಗುವವರನ್ನು ಕೆಣಕಬೇಡಿ. ಆದರೆ ಅವರಿಗಾಗಿ ಬೇರೆ ಪಂಕ್ತಿ, ಬೇರೆ ಪಾತ್ರೆ ಹಾಕಲೂಬೇಡಿ.

ಲೋಟದ ವಿಷಯ ಒಂದು. ಪೇಪರ್ ಕಪ್ ಬಂದ ಮೇಲೆ ಹೋಟೆಲುಗಳಲ್ಲಿ ದಲಿತರಿಗೆಂದು ಇಡುತ್ತಿದ್ದ ಪ್ರತ್ಯೇಕ ಲೋಟ ಕಣ್ಣಿಗೆ ಬೀಳುವುದಿಲ್ಲ. ಕೆಲವರಿಗೆ ಸ್ಟೀಲಿನ ಲೋಟ, ಕೆಲವರಿಗೆ ಕೇಳದೆಯೇ ಪೇಪರ್ ಕಪ್ ಕೊಡುವ ಕಡೆ ಹಳೆಯ ಭೇದ ಹೊಸ ವೇಷ ಹಾಕಿದೆ. ನಿಮ್ಮ ಸಭೆಯಲ್ಲಿ ಎಲ್ಲರಿಗೂ ಸ್ಟೀಲ್ ಲೋಟವನ್ನೇ ಕೊಡಿ. ಒಂದೇ ಬಕೆಟ್ಟಿನಲ್ಲಿ ಅದ್ದಿ ತೊಳೆದ ಲೋಟ ಮತ್ತೆ ಯಾರ ಕೈಗೆ ಹೋಗುತ್ತದೋ ಯಾರಿಗೂ ಗೊತ್ತಿರಬಾರದು. ತೊಳೆಯುವವರ ಸಾಲಿನಲ್ಲಿ ಗಂಡಸರೂ ಇರಲಿ.

ಗಣೇಶನ ಮೆರವಣಿಗೆ, ಮಿಲಾದ್ ಮೆರವಣಿಗೆ ಒಟ್ಟಿಗೆ ಬಂದರೆ?

2023ರಲ್ಲಿ ಅನಂತ ಚತುರ್ದಶಿ ಮತ್ತು ಈದ್ ಮಿಲಾದ್ ಎರಡೂ ಸೆಪ್ಟೆಂಬರ್ 28ಕ್ಕೇ ಬಂದಿದ್ದವು. 2024, 2025ರಲ್ಲೂ ಮಿಲಾದ್ ಗಣೇಶ ವಿಸರ್ಜನೆಯ ದಿನಗಳ ಒಳಗೇ ಬಿತ್ತು. ಹಿಜರಿ ವರ್ಷಕ್ಕೆ ಅಧಿಕ ಮಾಸವಿಲ್ಲ, ಅದು ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ. ನಮ್ಮ ಪಂಚಾಂಗ ಅಧಿಕ ಮಾಸ ಸೇರಿಸಿಕೊಂಡು ಋತುವಿಗೆ ಹೊಂದಿಕೊಳ್ಳುತ್ತದೆ. ಹಾಗಾಗಿ ಯಾವ ವರ್ಷ ಯಾವ ಹಬ್ಬ ಯಾವುದಕ್ಕೆ ತಾಗುತ್ತದೆ ಎಂಬುದು ಬಹಳ ಮೊದಲೇ ಗೊತ್ತಾಗುತ್ತದೆ. ಎರಡು ತಿಂಗಳು ಮುಂಚೆಯೇ ಕೂರಲು ಇದು ಸಾಕಾದ ಕಾರಣ.

ಊರಿನ ನಕ್ಷೆ ದೊಡ್ಡ ಹಾಳೆಯಲ್ಲಿ ಬರೆದು ಎರಡೂ ದಾರಿಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಿ. ದಾರಿ ಕೂಡುವ ಕಡೆ ಎರಡು ಗಂಟೆ ಅಂತರ ಇಡಿ. ತೊಂದರೆ ಶುರುವಾಗುವುದು ಸಾಮಾನ್ಯವಾಗಿ ಮೆರವಣಿಗೆ ತಡವಾದಾಗ. ಡಿಜೆ ಗಾಡಿ ಕೆಟ್ಟು ನಿಲ್ಲುತ್ತದೆ, ಐದಕ್ಕೆ ದಾಟಬೇಕಾದದ್ದು ಏಳಕ್ಕೆ ಬರುತ್ತದೆ, ಸರಿಯಾಗಿ ನಮಾಜಿನ ಹೊತ್ತಿಗೆ ಮಸೀದಿ ಮುಂದೆ ನಿಲ್ಲುತ್ತದೆ. ತಡವಾದರೆ ಯಾವ ತಿರುವಿನಲ್ಲಿ ಕಾಯಬೇಕು ಎಂಬುದನ್ನೂ ಬರೆದಿಡಿ. ಕೂಡುದಾರಿಯಲ್ಲಿ ಎರಡೂ ಕಡೆಯ ಐದೈದು ಜನ ನೀರು, ಪಾನಕ ಹಿಡಿದು ಒಟ್ಟಿಗೆ ನಿಲ್ಲಲಿ. ಅಲ್ಲಿ ನಿಲ್ಲುವವರು ಹದಿಹರೆಯದವರಾಗಿರಬಾರದು, ಹುಡುಗರು ಮಾತು ಕೇಳುವಂಥ ಹಿರಿಯರಾಗಿರಬೇಕು.

ಸಭೆಯಲ್ಲಿ ಜಗಳ ಹತ್ತಿದರೆ?

"ನಿಮ್ಮೋರು ಅಲ್ಲಿ ಹಾಗೆ ಮಾಡಿದರಲ್ಲ" ಎಂಬ ಮಾತು ಬಂದರೆ ಜಗಳ ಹತ್ತಿರವಿದೆ ಎಂದೇ ಅರ್ಥ. ದೇಶದ ಸುದ್ದಿ, ಟಿವಿಯ ಸುದ್ದಿ, ಟಿಪ್ಪುವಿನ ಕಾಲದ ಸುದ್ದಿ ಬಂದಾಗ ಮತ್ತೆ ಊರಿಗೆ ಕರೆತನ್ನಿ: "ನಮ್ಮ ಊರಿನಲ್ಲಿ, ನಿಮ್ಮ ಕಣ್ಣ ಮುಂದೆ ನಡೆದದ್ದು ಹೇಳಿ." ದನಿ ಏರಿದರೆ ಐದು ನಿಮಿಷ ಎಲ್ಲರೂ ಹೊರಗೆ ಹೋಗಿ ಬರಲಿ, ಕೂಗಾಡಿದ ಇಬ್ಬರನ್ನು ಬೇರೆ ಬೇರೆ ಜನ ಮಾತಾಡಿಸಲಿ. ಎಲ್ಲರ ಮುಂದೆ ಕ್ಷಮೆ ಕೇಳಿಸಬೇಡಿ, ಸೋಲಿಸಿ ಕಳಿಸಿದವರು ಹೊರಗೆ ಹೋಗಿ ಗುಂಪು ಕಟ್ಟುತ್ತಾರೆ.

ಎಂಎಲ್ಎ, ಸ್ವಾಮೀಜಿ ಬರುತ್ತೇವೆ ಎಂದರೆ?

ಬರಲಿ, ಗುಂಪಿನಲ್ಲಿ ಎಲ್ಲರಂತೆ ಕೂರಲಿ. ವೇದಿಕೆ, ಹಾರ, ಬ್ಯಾನರಿನಲ್ಲಿ ಫೋಟೊ ಇಲ್ಲ ಎಂದು ಮೊದಲೇ ಹೇಳಿ.

ವಾಟ್ಸ್ಆ್ಯಪ್‌ನಲ್ಲಿ ಗಾಳಿಸುದ್ದಿ ಹಬ್ಬಿದರೆ?

ಸಭೆಯ ದಿನವೇ ಪ್ರತಿ ಸಮುದಾಯದಿಂದ ಇಬ್ಬಿಬ್ಬರ ಫೋನ್ ನಂಬರು ತೆಗೆದುಕೊಂಡು ಒಂದು ಪಟ್ಟಿ ಮಾಡಿಡಿ. ಸುದ್ದಿ ಬಂದ ಕೂಡಲೇ ಆ ಕಡೆಯವರಿಗೆ ನೇರ ಫೋನು ಮಾಡಿ ಕೇಳುವುದು ಮೊದಲ ಕೆಲಸ, ಜಾಗಕ್ಕೆ ಇಬ್ಬರು ಒಟ್ಟಿಗೆ ಹೋಗಿ ನೋಡುವುದು ಎರಡನೆಯದು. ಸುಳ್ಳು ಎಂದು ಹೇಳಲಿಕ್ಕೂ ಆ ವಿಡಿಯೊವನ್ನು ಮತ್ತೆ ಕಳಿಸಬೇಡಿ, ನಿಮ್ಮ ಮಾತು ಬಿಟ್ಟು ವಿಡಿಯೊ ಮಾತ್ರ ಮುಂದಕ್ಕೆ ಹೋಗುತ್ತದೆ. ಸಮುದಾಯಗಳ ನಡುವೆ ದ್ವೇಷ ಹಬ್ಬಿಸುವುದು ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂ ಪ್ರಕಾರ ಅಪರಾಧ. ಜನ ಸೇರತೊಡಗಿದರೆ ತಡಮಾಡದೆ 112.

ಫೋಟೊ, ವಿಡಿಯೊ ತೆಗೆಯಬಹುದೇ?

ಗುಂಪಿನ ಮಾತಿನ ಹೊತ್ತಿನಲ್ಲಿ ಬೇಡ. ಹಿಂಜರಿಕೆಯ ಜಾಗ ಹೇಳಿದ ಹೆಣ್ಣುಮಗಳ 30 ಸೆಕೆಂಡ್ ತುಣುಕು ಊರಿಡೀ ಹರಿದಾಡಿದರೆ ಅವಳು ಮರುದಿನ ಕೆಲಸಕ್ಕೆ ಹೋಗುವುದು ಹೇಗೆ? ಊಟದ ನಂತರ, ಒಪ್ಪಿದವರದ್ದು ಮಾತ್ರ ತೆಗೆಯಿರಿ.

ಎರಡನೇ ಸಭೆ ಯಾವಾಗ?

ಹಾಳೆಯಲ್ಲಿ ಬರೆದ ತಾರೀಖಿಗೆ. ಕೆಲಸ ಆಗಿರದಿದ್ದರೂ ಅದೇ ದಿನ ಸೇರಿ, ಯಾಕೆ ಆಗಲಿಲ್ಲ ಎಂದು ಹೊಣೆ ಹೊತ್ತ ಮೂವರೂ ಹೇಳಲಿ. ಮೊದಲ ಸಲ ಬಂದು ಈ ಸಲ ಬಾರದವರ ಮನೆಗೆ ಆ ವಾರದೊಳಗೆ ಹೋಗಿ ಬನ್ನಿ. ಜೊತೆಗೆ ಬೇರೆ ಕೇರಿಯವರು ಒಬ್ಬರಿರಲಿ.